ಸ್ಟೂಲು ಇದ್ದ ಜಾಗ

ನಮ್ಮ ಮನೆಯಲ್ಲಿ ಕುರ್ಚಿ ಎಳೆದು ಹಾಗೇ ಬಿಟ್ಟು ಹೋದವರಿಗೆ ನನ್ನಿಂದ ಬೈಗುಳ ತಪ್ಪಿದ್ದಿಲ್ಲ. ನೆಂಟರಾಗಲಿ, ಪಕ್ಕದ ಮನೆಯವಳಾಗಲಿ, ಮೀಟರ್ ಓದಲು ಬಂದವನಾಗಲಿ, ಕೂತು ಎದ್ದ ಮೇಲೆ ಕುರ್ಚಿಯನ್ನು ಇದ್ದಲ್ಲಿಗೇ ಸೇರಿಸಬೇಕು. ಚಪ್ಪಲಿ ಬಾಗಿಲ ಬಲಕ್ಕೆ, ಚೀಲ ಗೂಟಕ್ಕೆ. ನನ್ನ ಬೆನ್ನ ಹಿಂದೆ ನನಗೆ ಹೆಡ್‌ಮೇಡಂ ಅಂತ ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ, ನನ್ನದೇನು ಗಂಟು ಹೋಗುತ್ತದೆ? ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ. ಆ ಮನೆಯಲ್ಲಿ ಒಂದು ಸಾಮಾನು ಜರುಗಿದರೆ ಅದು ನೇರವಾಗಿ ಅವರ ಮೊಣಕಾಲಿಗೆ ಹೊಡೆಯುತ್ತಿತ್ತು.

ಇವರು ಬಡಗಿ. ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುವುದು. ಕಣ್ಣಿನ ನರ ಒಣಗುವ ಕಾಯಿಲೆ ಬಂದು ನೋಟ ವರ್ಷ ವರ್ಷವೂ ಸಣ್ಣಗಾಗುತ್ತ ಬಂತು. ಮೊದಲು ಅಕ್ಕಪಕ್ಕ ಕಾಣದಾಯಿತು, ಆಮೇಲೆ ಸಂಜೆ ಹೊತ್ತು, ಆಮೇಲೆ ಎಲ್ಲವೂ. ಆದರೆ ನೋಟ ಎಷ್ಟು ಇಳಿಯಿತೋ ಮನೆ ಅಷ್ಟೇ ಅವರ ಮೈಗೆ ಇಳಿಯಿತು. ಮನೆಯೊಳಗೆ ಅವರಿಗೆ ಕೋಲು ಬೇಡ, ಗೋಡೆ ಬೇಡ. ಬೆಳಗ್ಗೆ ನನಗಿಂತ ಮೊದಲು ಎದ್ದು ಕಾಫಿ ಮಾಡುವವರು ಅವರೇ. ಗಡ್ಡ ತಾವೇ ಕೆರೆದುಕೊಳ್ಳುತ್ತಾರೆ, ಬಟ್ಟೆಯ ಬಕೆಟ್ಟು ಹಿಡಿದು ಮಹಡಿ ಹತ್ತುತ್ತಾರೆ, ನಲ್ಲಿ ಸೋರಿದರೆ ವಾಷರ್ ಬದಲಾಯಿಸುತ್ತಾರೆ. ಕರೆಂಟು ಹೋದಾಗ ನಾನು ಮೇಣದಬತ್ತಿಗೆ ತಡಕಾಡುತ್ತಿದ್ದರೆ, "ಎಲ್ಲಿದ್ದೀಯಾ ಕುರುಡಿ, ಬಾ ಇಲ್ಲಿ" ಎಂದು ನಗುತ್ತಿದ್ದರು.

ಹೀಗಿದ್ದ ಮನೆಯನ್ನು ಮಾರುವ ಮಾತು ಬಂದದ್ದು ನನ್ನ ಎದೆಯಿಂದ. ಹೃದಯ ಊದಿಕೊಂಡಿದೆ, ಔಷಧಿ ಅದನ್ನು ತಡೆದೀತೇ ಹೊರತು ತಿರುಗಿಸುವುದಿಲ್ಲ ಎಂದು ಡಾಕ್ಟರು ಹೇಳಿದರು. ಎಷ್ಟು ದಿನ ಎಂದು ಮಗಳು ಕೇಳಿದ್ದಕ್ಕೆ, ಮುಂದಿನ ವರ್ಷದ ಯೋಚನೆ ಈಗಲೇ ಮಾಡಿಕೊಳ್ಳಿ ಎಂದರು. ಡಾಕ್ಟರಾದವರು ಅದಕ್ಕಿಂತ ಬಿಡಿಸಿ ಹೇಳುವುದುಂಟೇ? ನಮಗೆ ಇರುವವಳು ಒಬ್ಬಳೇ ಮಗಳು. ಅಲ್ಲಿಂದ ಈಚೆಗೆ ಬಂದವಳೇ ಅವಳು ಹಿಡಿದ ಹಟ ಒಂದೇ. ಮನೆ ಮಾರಿ, ಇಬ್ಬರೂ ನಮ್ಮ ಫ್ಲಾಟಿಗೆ ಬನ್ನಿ, ಅಮ್ಮ ಹೋದ ಮೇಲೆ ಅಪ್ಪ ಒಬ್ಬರೇ ಈ ಮನೆಯಲ್ಲಿರುವುದು ಕನಸಿನ ಮಾತು.

ಅವಳದ್ದು ತಪ್ಪೆಂದು ನಾನು ಹೇಳುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳು, ಅಪ್ಪನೆಂದರೆ ಪ್ರಾಣ. ಆದರೆ ಅವಳ ಫ್ಲಾಟಿನಲ್ಲಿ ಇವರನ್ನು ನಾನು ನೋಡಿದ್ದೇನೆ. ಒಂದು ಸಲ ಒಂದಿಷ್ಟು ದಿನ ಇದ್ದು ಬರೋಣವೆಂದು ಹೋಗಿದ್ದೆವು. ಸೋಫಾದಲ್ಲಿ ಇಳಿಸಿದ ಲಗೇಜಿನ ಹಾಗೆ ಕೂತಿದ್ದರು. ಬಚ್ಚಲಿಗೆ ಹೋಗಬೇಕೆಂದರೆ ಅಳಿಯನನ್ನು ಕರೆಯಬೇಕು. ಕರೆಯುವುದಕ್ಕೆ ನಾಚಿಕೆಯಾಗಿ ನೀರು ಕುಡಿಯುವುದನ್ನೇ ನಿಲ್ಲಿಸಿದರು. ಉರಿಮೂತ್ರವಾಗಿ ಜ್ವರ ಬಂದ ಮೇಲೆಯೇ ನನಗೆ ಗೊತ್ತಾದದ್ದು. ತಿರುಗಿ ಬಂದು ನಮ್ಮ ಹೊಸ್ತಿಲು ದಾಟಿದ್ದೇ, ಬೆನ್ನು ನೆಟ್ಟಗೆ ಮಾಡಿಕೊಂಡು ನೇರ ಅಡಿಗೆಮನೆಗೆ ಹೋಗಿ ಚೊಂಬು ತುಂಬ ನೀರು ಕುಡಿದರು. ಆ ಬೆನ್ನು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದರೂ ನಾನು ಮಗಳ ಕಡೆಗೇ ವಾಲಿದೆ. ಸಾಯುವವಳಿಗೆ ಎಲ್ಲಕ್ಕಿಂತ ಮೊದಲು ನೆಮ್ಮದಿ ಬೇಕಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಮಗಳು ಒಬ್ಬ ಬ್ರೋಕರನ್ನು ಹಿಡಿದು ತಂದಳು.

ಬ್ರೋಕರಮ್ಮನಿಗೆ ಬಾಯಿ ನನಗಿಂತ ಒಂದು ಕೈ ಜೋರು. ಬಂದವಳು ಹಾಲಿನ ನಡುವೆ ನಿಂತು ಸುತ್ತ ತಿರುಗಿ ಮೂಗು ಮುರಿದಳು.

"ಅಮ್ಮಾ, ಮನೆ ಚೆನ್ನಾಗಿದೆ. ಆದರೆ ಇದರ ತುಂಬ ನೀವೇ ಇದ್ದೀರಾ. ನೋಡೋಕೆ ಬಂದೋರಿಗೆ ನಿಮ್ಮ ಮನೆ ಕಾಣಬಾರದು, ಅವರ ಮನೆ ಕಾಣಬೇಕು."

"ಹಾಗಾದರೆ ನಾವು ಅಟ್ಟ ಹತ್ತಿ ಕೂರಬೇಕಾ?"

"ಹೊರಗೆ ಹೋಗಿ ಬಂದರೆ ಸಾಕು," ಎಂದಳು. ಅವಳಿಗೆ ಕೋಪವೇ ಬರುವುದಿಲ್ಲ, ಅದೊಂದು ಕಷ್ಟ.

ಮಾತ್ರೆಯ ಡಬ್ಬಿಗಳು ಕಾಣಬಾರದು. ಕ್ಯಾಲೆಂಡರು ತೆಗೆಯಬೇಕು. ಬಚ್ಚಲ ಗೋಡೆಯ ಸ್ಟೀಲ್ ಹಿಡಿಕೆ, ಮೆಟ್ಟಿಲ ಅಂಚಿಗೆ ಇವರು ಹೊಡೆದಿದ್ದ ರಬ್ಬರ್ ಪಟ್ಟಿ, ಎಲ್ಲ ಕಿತ್ತು ಹಾಕಬೇಕು. ಇಲ್ಲಿ ಯಾರೋ ಕಾಯಿಲೆಯವರಿದ್ದರು ಅನ್ನಿಸಿದರೆ ಬಂದವರ ಮನಸ್ಸು ಹಿಂದೆ ಸರಿಯುತ್ತದಂತೆ. ಬೀರುವಿನ ಹಿಂದಿನ ತೇವಕ್ಕೆ ಪ್ಲಾಸ್ಟರು, ಇಡೀ ಮನೆಗೆ ಕೆನೆ ಬಣ್ಣ, ಪ್ರತಿ ಹೋಲ್ಡರಿಗೂ ಹೊಸ ಬಲ್ಬು. ಕೊನೆಗೆ ಅಡಿಗೆಮನೆ ಬಾಗಿಲ ಪಕ್ಕದಲ್ಲಿದ್ದ ಸ್ಟೂಲಿಗೆ ಕಾಲು ತಗುಲಿಸಿಕೊಂಡು, "ಇದೊಂದು ದಾರಿಗೆ ಅಡ್ಡ, ಮೊದಲು ಇದನ್ನ ತೆಗೀರಿ" ಎಂದಳು.

ಆ ಸ್ಟೂಲು ಇವರೇ ಮಾಡಿದ್ದು. ಮನೆ ಕಟ್ಟಿದಾಗಿನಿಂದ ಅದರ ಜಾಗ ಅದೇ. ನಾನು ಬೇಳೆ ಆರಿಸುವುದು, ಇವರು ಚಪ್ಪಲಿಯ ಉಂಗುಷ್ಠ ಹೊಲಿಯುವುದು, ಎಲ್ಲ ಅದರ ಮೇಲೆಯೇ. ಹಾಲಿನಿಂದ ಅಡಿಗೆಮನೆಗೆ ಹೋಗುವಾಗ ಅದನ್ನು ಬಳಸಿಕೊಂಡು ಒಂದು ಸಣ್ಣ ಸುತ್ತು ಹಾಕುವುದು ನಮ್ಮಿಬ್ಬರಿಗೂ ಉಸಿರಾಡಿದಷ್ಟೇ ರೂಢಿಯಾಗಿತ್ತು.

ಬ್ರೋಕರಮ್ಮ ಹೋದ ಮೇಲೆ ಇವರು ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ಒಂದು ಪಂದ್ಯ ಕಟ್ಟೋಣ. ಮೊದಲು ಯಾರು ನೋಡೋಕೆ ಬರ್ತಾರೋ ಅವರಿಗೆ ಮನೆ ನಾನೇ ತೋರಿಸ್ತೀನಿ, ಬಾಗಿಲಿಂದ ಮಹಡಿ ತನಕ. ನನಗೆ ಕಣ್ಣಿಲ್ಲ ಅಂತ ಅವರಿಗೆ ಗೊತ್ತಾಯ್ತೋ, ಮಾರಿಬಿಡಿ. ನಾನು ಪಿಟಕ್ಕನ್ನಲ್ಲ."

"ಗೊತ್ತಾಗದೆ ಇದ್ದರೆ?"

"ಗೊತ್ತಾಗದೆ ಇದ್ದರೆ ಈ ಮನೆಯೊಳಗೆ ನಾನು ಕುರುಡ ಅಲ್ಲ ಅಂತ ಆಯ್ತಲ್ಲಮ್ಮ. ನಿಮ್ಮಮ್ಮ ಹೋದಮೇಲೂ ನಾನು ಇಲ್ಲೇ ಇರ್ತೀನಿ. ಮತ್ತೆ ಆ ಮಾತು ಎತ್ತಬಾರದು."

ಮಗಳು ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಅವಳು ಮೂಗೊರೆಸಿಕೊಂಡು, "ಆಯ್ತಪ್ಪ" ಎಂದಳು. ಆಗುವುದಿಲ್ಲ ಎಂಬ ಧೈರ್ಯದಲ್ಲಿಯೇ ಅವಳು ಒಪ್ಪಿದ್ದು.

"ಬ್ರೋಕರಮ್ಮ ಹೇಳಿದ ಹಾಗೇ ಎಲ್ಲಾ ಬದಲಾಯಿಸಿ," ಎಂದರು ಇವರು. "ಆಮೇಲೆ ಹಳೇ ಮನೆ ಆದ್ದರಿಂದ ಗೆದ್ದೆ ಅನ್ನಬೇಡಿ."

ಜಂಬ ನೋಡಿ. ಆದರೆ ಆ ಜಂಬ ಕೇಳಿ ನನಗೆ ಎಷ್ಟೋ ದಿನದ ಮೇಲೆ ನಗು ಬಂತು.

ಬಣ್ಣದವರು ಬಂದು ಹೋದರು. ಇವರು ಹಾಲಿನಲ್ಲಿ ನಿಂತು ಗಾಳಿ ಮೂಸಿ, "ಮನೆ ವಾಸನೆನೇ ಹೋಯ್ತಲ್ಲೇ, ಆಸ್ಪತ್ರೆಗೆ ಬಂದ ಹಾಗಿದೆ" ಎಂದು ಒಂದು ಕ್ಷಣ ಮಂಕಾದರು. ಆಮೇಲೆ ಪಂಚೆ ಎತ್ತಿಕಟ್ಟಿ ಕಲಿಯಲು ನಿಂತರು. ಬೀರು ಪಕ್ಕದ ಗೋಡೆಗೆ ಹೋಯಿತು, ಮಂಚ ಕಿಟಕಿಯ ಕೆಳಕ್ಕೆ. ಸ್ಟೂಲನ್ನು ಮೆಟ್ಟಿಲ ಕೆಳಗಿನ ಸಂದಿಗೆ ಇಟ್ಟೆವು, ಅಡಿಗೆಮನೆ ಬಾಗಿಲಿನಿಂದ ನಾಲ್ಕು ಹೆಜ್ಜೆ ಬಲಕ್ಕೆ. ಒಂದೊಂದನ್ನೂ ಕೈಯಿಂದ ಮುಟ್ಟಿಸಿ ಹೇಳಿಕೊಟ್ಟೆ. ಮೆಟ್ಟಿಲಿನ ಪಟ್ಟಿ ಕಿತ್ತದ್ದು ಅವರಿಗೆ ತೊಂದರೆಯಾಗಲಿಲ್ಲ, ಬೀರು ಮೂರನೆಯ ದಿನಕ್ಕೆ ಮೈಗೆ ಹತ್ತಿತು. ತೊಂದರೆ ಕೊಟ್ಟದ್ದು ಸ್ಟೂಲು. ಅದಿಲ್ಲದ ಜಾಗದಲ್ಲೂ ಅವರ ಕಾಲು ಸುತ್ತು ಹಾಕಿಯೇ ಹೋಗುತ್ತಿತ್ತು.

"ಏನೂ ಇಲ್ಲದ ಕಡೆ ಯಾಕ್ರೀ ಬಳಸ್ಕೊಂಡು ಹೋಗ್ತೀರಾ? ನೋಡಿದವರಿಗೆ ಅಲ್ಲೇ ಗೊತ್ತಾಗುತ್ತೆ."

"ಕಲಿಯೋದು ಸುಲಭ ಕಣೆ. ಮರೆಯೋದೇ ಕಷ್ಟ."

ಮಧ್ಯಾಹ್ನವೆಲ್ಲ ಅದೊಂದೇ ಅಭ್ಯಾಸ. ನಾನು ಅಡಿಗೆಮನೆ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತು ಕೂಗುವುದು, ಅವರು ಹಾಲಿನಿಂದ ನೆಟ್ಟಗೆ ಬರುವುದು. ಒಂದು ದಿನ ಅವರ ಕಾಲು ಆ ಸುತ್ತನ್ನು ಬಿಟ್ಟಿತು. ಬಾಣದ ಹಾಗೆ ನೇರ ಬಂದು ನನ್ನ ಮುಂದೆ ನಿಂತು, "ಹೇಗೆ ಹೆಡ್‌ಮೇಡಂ?" ಎಂದರು. ಅವತ್ತಿನಿಂದ ನಾನು ಅವರ ಕಡೆ. ಇವರು ಗೆಲ್ಲಬೇಕು, ನಾನು ಹೋದ ಮೇಲೂ ಈ ಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡಬೇಕು, ಅದಕ್ಕಿಂತ ದೊಡ್ಡ ನೆಮ್ಮದಿ ನನಗೆ ಬೇರೆ ಬೇಡವೆನ್ನಿಸಿತು. ಮಗಳಿಗೆ ಹೇಳಲಿಲ್ಲ.

ಬರುವವರು ಗಂಡ ಹೆಂಡತಿ, ಇಬ್ಬರೂ ಕೆಲಸದವರು ಎಂದು ಬ್ರೋಕರಮ್ಮ ಹೇಳಿದ್ದಳು. ಅವತ್ತು ಬೆಳಗ್ಗೆ ಬಂದು ಮನೆಯೆಲ್ಲ ಒಂದು ಸುತ್ತು ನೋಡಿ, ಬಲ್ಬುಗಳನ್ನೆಲ್ಲ ಹಾಕಿ, ಅವರನ್ನು ಬೀದಿಯ ತಿರುವಿನಿಂದ ಕರೆತರುತ್ತೇನೆಂದು ಹೋದಳು. ಮಗಳು ಮಹಡಿಯ ಕಿಟಕಿ ಒರೆಸುತ್ತಿದ್ದಳು. ಇವರು ಇಸ್ತ್ರಿ ಅಂಗಿ ಹಾಕಿ, ಪೆಟ್ಟಿಗೆ ಹುಡುಕಿ ತಮ್ಮ ಹಳೆಯ ಕನ್ನಡಕ ಏರಿಸಿಕೊಂಡಿದ್ದರು. "ಕುರುಡನಿಗೆ ಕನ್ನಡಕ, ಇದಕ್ಕಿಂತ ಮೋಸ ಬೇಕಾ?" ಎಂದು ತಾವೇ ನಕ್ಕು, ತಲೆ ಬಾಚಿಕೊಳ್ಳಲು ಕೋಣೆಗೆ ಹೋದರು.

ನಾನು ಹಾಲಿನ ನೆಲಕ್ಕೆ ಕೊನೆಯದಾಗಿ ಒಂದು ಒರೆಸು ಹಾಕುತ್ತಿದ್ದೆ. ಎದೆ ಒಮ್ಮೆಲೇ ಹಿಡಿದುಕೊಂಡಿತು. ಉಸಿರು ಮೇಲೂ ಬರದು, ಕೆಳಗೂ ಹೋಗದು. ನೆಲಕ್ಕೆ ಕೂತರೆ ಏಳಲಾರೆ. ಮೆಟ್ಟಿಲ ಕೆಳಗಿನ ಸ್ಟೂಲನ್ನು ಈಚೆಗೆ ಎಳೆದುಕೊಂಡು ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಕಣ್ಣಿನ ಮುಂದಿನ ಕಪ್ಪು ಸರಿಯಿತು. ಅಷ್ಟರಲ್ಲಿ ಗೇಟಿನ ಸದ್ದು. ಎದ್ದೆ, ಸ್ಟೂಲನ್ನು ಅದರ ಜಾಗಕ್ಕೆ ಇಟ್ಟೆ, ನೆಲ ಒರೆಸುವ ಬಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದೆ.

ಬಾಗಿಲು ತೆಗೆದವರು ಇವರೇ.

"ಬನ್ನಿ, ಬನ್ನಿ. ಚಪ್ಪಲಿ ಬಲಗಡೆ ಬಿಡಿ. ಈ ಬಾಗಿಲು ನೋಡಿ, ನಾನೇ ಕೆತ್ತಿದ್ದು. ಇಷ್ಟು ವರ್ಷಕ್ಕೆ ಒಂದು ಬಿರುಕು ಬಂದಿಲ್ಲ."

ಅಡಿಗೆಮನೆಯಲ್ಲಿ ಟೀ ಕುದಿಯುತ್ತಿತ್ತು, ನನ್ನ ಕಣ್ಣು ಕಿವಿಯೆಲ್ಲ ಬಾಗಿಲಾಚೆಯ ಹಾಲಿನಲ್ಲಿದ್ದವು. ಇವರು ಕಿಟಕಿ ತೆರೆದು, ಬೆಳಗಿನ ಬಿಸಿಲು ಎಲ್ಲಿಗೆ ಬೀಳುತ್ತದೆಂದು ಅಂಗೈ ಚಾಚಿ ತೋರಿಸಿದರು. ಮಲಗುವ ಕೋಣೆಗೆ ಕರೆದುಕೊಂಡು ಹೋದರು, ಬೀರುವಿನ ಬಾಗಿಲು ತೆಗೆದು ಹಾಕಿದರು. ಮಹಡಿ ಹತ್ತಿ ಇಳಿದರು. ಹಿಂದೆಯೇ ಇಳಿದ ಮಗಳ ಮುಖದಲ್ಲಿ ರಕ್ತವಿರಲಿಲ್ಲ. ಬಂದವನು ಮೊಬೈಲು ಇವರ ಮುಖದ ಮುಂದೆ ಹಿಡಿದು, "ನಮ್ಮ ಮಂಚ ಇಂಥದ್ದು, ಆ ರೂಮಲ್ಲಿ ಹಿಡಿಯುತ್ತಾ ಸಾರ್?" ಎಂದು ಕೇಳಿದ. ನನ್ನ ಜೀವ ಬಾಯಿಗೆ ಬಂತು.

"ಫೋಟೋದಲ್ಲಿ ಎಲ್ಲಾ ಮಂಚನೂ ಹಿಡಿಯುತ್ತೆ," ಎಂದರು ಇವರು, ಮೊಬೈಲಿನ ಕಡೆ ತಲೆ ಬಗ್ಗಿಸಿ. "ಅಳತೆ ಹೇಳಿ. ನಾನು ಬಡಗಿ."

ಅವನು ನಕ್ಕ, ಹೆಂಡತಿಯೂ ನಕ್ಕಳು. ಅಳತೆ ಹೇಳಿದರು. "ಹಿಡಿಯುತ್ತೆ, ಆದರೆ ತಲೆ ಕಿಟಕಿ ಕಡೆ ಬರಬೇಕು" ಎಂದರು ಇವರು. ಗೆದ್ದರು, ನನ್ನ ರಾಜ ಗೆದ್ದುಬಿಟ್ಟರು ಎಂದುಕೊಂಡು ನಾನು ಟೀ ಸೋಸುವುದನ್ನು ಬಿಟ್ಟು ಅಡಿಗೆಮನೆ ಬಾಗಿಲಿಗೆ ಬಂದೆ. ಉಳಿದದ್ದು ಅಡಿಗೆಮನೆಯೊಂದೇ.

ಬಾಗಿಲಲ್ಲಿ ನಿಂತಾಗ ಕಂಡಿತು. ಸ್ಟೂಲು ಮೆಟ್ಟಿಲ ಕೆಳಗಿರಲಿಲ್ಲ. ನನ್ನ ಪಕ್ಕದಲ್ಲೇ ಇತ್ತು, ಬಾಗಿಲ ಬದಿಯಲ್ಲಿ, ಅದರ ಹಳೆಯ ಜಾಗದಲ್ಲಿ. ಜಾಗಕ್ಕಿಡುತ್ತೇನೆಂದು ನನ್ನ ಕೈ ಅದನ್ನು ಅಲ್ಲಿ ತಂದಿಟ್ಟಿತ್ತು. ಅದನ್ನು ಬಳಸಿಕೊಂಡೇ ನಾನು ಒಳಗೆ ಹೋಗಿದ್ದೆ, ಕಾಲಿಗೆ ಗೊತ್ತೇ ಆಗಿರಲಿಲ್ಲ. ಇವರು ಮರೆಯುವುದನ್ನು ಕಲಿತಿದ್ದರು, ನಾನು ಕಲಿತಿರಲಿಲ್ಲ.

"ಬನ್ನಿ, ಅಡಿಗೆಮನೆ ನೋಡಿ, ಹೆಂಗಸರು ಅದನ್ನೇ ಮೊದಲು ಕೇಳೋದು," ಎಂದು ಇವರು ತಿರುಗಿದರು.

ಕೂಗಬೇಕಿತ್ತು. ಜೀವಮಾನವೆಲ್ಲ ಕೂಗಿಕೊಂಡೇ ಬಂದವಳು ನಾನು. ಆದರೆ ಕೂಗಿದರೆ ಬಂದವರಿಗೆ ಗೊತ್ತಾಗುತ್ತದೆ, ಇವರು ಸೋಲುತ್ತಾರೆ. ಹಳೇ ಅಭ್ಯಾಸಕ್ಕೆ ಕಾಲು ಸುತ್ತು ಹಾಕಲಿ ಎಂದು ಬೇಡಿಕೊಂಡೆ. ಕಾಲಿನಿಂದಲೇ ಒದ್ದು ಸರಿಸೋಣವೆಂದು ಮುಂದೆ ಬಾಗಿದೆ. ಅವರು ಬಾಣದ ಹಾಗೆ ಬಂದರು. ಬಾಯಿ ತೆರೆದೆ, ಉಸಿರೇ ಬರಲಿಲ್ಲ.

ಮೊಣಕಾಲ ಕೆಳಗೆ ಬಡಿದ ಸದ್ದು ಕೇಳಿತು. ಸ್ಟೂಲು ಉರುಳಿ ಹಾಲಿನ ನಡುವೆ ಹೋಯಿತು, ಇವರು ಬಾಗಿಲಿಗೂ ಮೆಟ್ಟಿಲಿಗೂ ನಡುವಿನ ಗೋಡೆಗೆ ಭುಜ ಹೊಡೆದುಕೊಂಡು ಒಂದು ಕೈಯ ಮೇಲೆ ಬಿದ್ದರು. ಕನ್ನಡಕ ಹಾರಿತು. ಇನ್ನೊಂದು ಕೈಯಿಂದ ನೆಲ ತಡವುತ್ತ ಕನ್ನಡಕ ಹುಡುಕಿದರು. ಅದು ಅವರ ಕಣ್ಣೆದುರಿಗೇ ಬಿದ್ದಿತ್ತು. ಬಂದ ಹೆಂಗಸು ಅದನ್ನೆತ್ತಿ ಚಾಚಿದಳು, ಇವರು ಇನ್ನೊಂದು ಕಡೆಗೆ ತಡವುತ್ತಲೇ ಇದ್ದರು. ಅವಳ ಕೈ ಹಾಗೇ ನಿಂತಿತು. ಗಂಡನ ಮುಖ ನೋಡಿದಳು.

"ಸಾರ್‌ಗೆ ಕಣ್ಣು..." ಎಂದ ಅವನು.

ಮಗಳು ಓಡಿಬಂದು ಅಪ್ಪನನ್ನು ತಬ್ಬಿಕೊಂಡಳು.

ಮಣಿಕಟ್ಟು ಮುರಿದಿತ್ತು. ಕ್ಲಿನಿಕ್ಕಿನಲ್ಲಿ ಕಟ್ಟು ಹಾಕಿಸಿಕೊಂಡು ಬಂದೆವು. ಕುರ್ಚಿಯಲ್ಲಿ ಕೂರಿಸಿದ ಮೇಲೆ ಇವರು ಮೆಲ್ಲಗೆ, "ದಿಕ್ಕು ತಪ್ಪಿಬಿಟ್ಟೆ ಕಣಮ್ಮ" ಎಂದರು ಮಗಳಿಗೆ. "ನೇರ ಹೋಗ್ತಿದ್ದೀನಿ ಅಂದ್ಕೊಂಡಿದ್ದೆ. ಮೆಟ್ಟಿಲ ಕೆಳಗೆ ಹೋಗಿ ಸ್ಟೂಲಿಗೆ ಕಾಲು ಕೊಟ್ಟಿದ್ದೀನಿ. ನನ್ನ ಮನೆಯಲ್ಲಿ ನನಗೇ ಎಡ ಬಲ ತಿಳೀಲಿಲ್ಲ."

"ಇಲ್ಲ ರೀ," ಎಂದೆ. "ನೀವು ನೆಟ್ಟಗೇ ಬಂದ್ರಿ. ಸ್ಟೂಲು ಮೆಟ್ಟಿಲ ಕೆಳಗೆ ಇರಲೇ ಇಲ್ಲ. ಕೂರೋಕೆ ಅಂತ ನಾನೇ ತೆಗೆದೆ, ಹಳೇ ಜಾಗಕ್ಕೆ ಇಟ್ಟುಬಿಟ್ಟೆ. ತಪ್ಪು ನಂದು."

ಇವರು ನಕ್ಕರು. ತೀರ ಮೆತ್ತಗಿನ ನಗು.

"ಸಾಕು ಬಿಡೆ. ನಾನು ಒಡೆದ ಲೋಟಗಳನ್ನೆಲ್ಲ ನೀನೇ ಒಡೆದೆ ಅಂದೆ. ಹಾಲು ಉಕ್ಕಿಸಿದ್ದು ನಾನು, ಒಲೆ ಮರೆತವಳು ನೀನು. ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ಯಾ? ನನ್ನ ಮನಸ್ಸು ಕುಗ್ಗಬಾರದು ಅಂತ ಎಷ್ಟು ವರ್ಷ ನನ್ನ ತಪ್ಪನ್ನ ತಲೆ ಮೇಲೆ ಹೊತ್ತೆ. ಇದೊಂದನ್ನ ನನಗೇ ಬಿಡು."

ನಿಜ. ನಾನು ಹಾಗೆ ಮಾಡುತ್ತಿದ್ದೆ. ಅದು ಅವರಿಗೆ ಗೊತ್ತಿತ್ತೆಂದು ನನಗೆ ಗೊತ್ತಾದದ್ದು ಈಗ.

"ಅದು ಬೇರೆ, ಇದು ಬೇರೆ," ಎಂದು ಕಿರುಚಿದೆ. "ಈ ಸಲ ನಿಜವಾಗ್ಲೂ ನಾನೇ ಕಣ್ರೀ. ನನ್ನ ಎದೆ ಮೇಲೆ ಕೈಯಿಟ್ಟು ಹೇಳ್ತೀನಿ. ನಂಬಬಾರದಾ?"

"ನಂಬ್ತೀನಿ, ನಂಬ್ತೀನಿ," ಎಂದರು, ಹಟ ಮಾಡುವ ಮಗುವನ್ನು ಸಮಾಧಾನಪಡಿಸುವ ದನಿಯಲ್ಲಿ.

ಮಗಳನ್ನು ಅಡಿಗೆಮನೆಗೆ ಎಳೆದುಕೊಂಡು ಹೋದೆ. ಇಲ್ಲಿ ಇಟ್ಟಿದ್ದೆ, ನೋಡು, ಇಲ್ಲಿ, ಎಂದು ನೆಲ ಕುಟ್ಟಿ ತೋರಿಸಿದೆ. ಅವಳು ಕಂಡದ್ದು ಹಾಲಿನ ನಡುವೆ ಉರುಳಿ ಬಿದ್ದ ಸ್ಟೂಲನ್ನು ಮಾತ್ರ. ಬ್ರೋಕರಮ್ಮನಿಗೆ ಫೋನು ಮಾಡಿಸಿದೆ. ಸ್ಟೂಲು ಎಲ್ಲಿತ್ತೋ ತಾನು ಗಮನಿಸಿಲ್ಲ, ಆದರೆ ಪಾರ್ಟಿಗೆ ಮನೆ ಒಪ್ಪಿಗೆಯಾಗಿದೆ, ಸಾರ್ ಬೀಳುವ ತನಕ ಅವರಿಗೆ ಕಣ್ಣು ಕಾಣುವುದಿಲ್ಲವೆಂಬ ಗುಮಾನಿಯೇ ಬರಲಿಲ್ಲವಂತೆ ಎಂದಳು.

"ಕೇಳಿಸ್ಕೊಂಡ್ಯಾ?" ಎಂದೆ ಮಗಳಿಗೆ. "ಗುಮಾನಿನೇ ಬರಲಿಲ್ಲ. ನಿಮ್ಮಪ್ಪ ಗೆದ್ದಿದ್ದರು. ಸೋಲಿಸಿದ್ದು ನಾನು."

ಅವಳು ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

"ನೀನೇ ಇಟ್ಟೆ ಅಂತಾನೇ ಆಗಲಿ ಅಮ್ಮ. ಇವತ್ತು ನಾವೆಲ್ಲ ಇದ್ವಿ, ಎತ್ತಿದ್ವಿ. ನೀನಿಲ್ಲದಾಗ ಬಿದ್ದರೆ ಎತ್ತೋರು ಯಾರು?"

"ನಾನಿಲ್ಲದಾಗ ಇಡೋರೂ ಇರಲ್ಲ ಕಣೇ," ಎಂದೆ.

ಅವಳಿಗೆ ಅದು ಅರ್ಥವಾಗಲಿಲ್ಲ, ಅಥವಾ ಅರ್ಥವಾಗದಿರುವುದೇ ಅವಳಿಗೆ ಬೇಕಾಗಿತ್ತು. ಹಾಲಿನಿಂದ ಇವರ ದನಿ ಬಂತು. "ಒಪ್ಪಿಗೆ ಆಗಿದೆಯಂತಲ್ಲ, ಕೊಟ್ಟುಬಿಡಿ. ಒಳ್ಳೇ ಜನ. ಮಾತು ಅಂದ್ರೆ ಮಾತು."

ಮರುದಿನ ಬೆಳಗ್ಗೆ ಕಾಫಿಯ ವಾಸನೆ ಬರಲಿಲ್ಲ. ಮುರಿದ ಕೈಯಲ್ಲಿ ಹೇಗೆ ಮಾಡಿಯಾರು ಎಂದುಕೊಂಡು ಎದ್ದು ಈಚೆಗೆ ಬಂದೆ. ಹಾಲಿನ ಹೊಸ ಬಲ್ಬುಗಳೆಲ್ಲ ಹಿಂದಿನ ದಿನದಿಂದ ಉರಿಯುತ್ತಲೇ ಇದ್ದವು, ಆರಿಸುವ ನೆನಪು ಯಾರಿಗೂ ಇರಲಿಲ್ಲ. ಆ ಬೆಳಕಿನ ನಡುವೆ ಇವರು ನಿಂತಿದ್ದರು. ಒಂದು ಕೈ ಕಟ್ಟಿನಲ್ಲಿ, ಇನ್ನೊಂದು ಕೈ ಮುಂದಕ್ಕೆ ಚಾಚಿದೆ. ಒಂದು ಕಾಲು ಮುಂದಿಡಲು ಹೋಗಿ ಹಿಂದಕ್ಕೆ ತೆಗೆದುಕೊಂಡರು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ. ಅವರ ಸುತ್ತ ಎಲ್ಲೂ ಏನೂ ಅಡ್ಡವಿರಲಿಲ್ಲ.

"ಯಾರದು, ನೀನಾ? ನಾನು ಎಲ್ಲಿದ್ದೀನೇ?"

"ಹಾಲಲ್ಲಿ ಇದ್ದೀರಾ ರೀ."

"ಹಾಲಲ್ಲಿ ಅನ್ನೋದು ಗೊತ್ತು. ಹಾಲಲ್ಲಿ ಎಲ್ಲಿ?"

ಹತ್ತಿರ ಹೋಗಿ ಅವರ ಚಾಚಿದ ಕೈಯ ಕೆಳಗೆ ನನ್ನ ಭುಜ ಕೊಟ್ಟೆ. ಅವರು ಗಟ್ಟಿಯಾಗಿ ಹಿಡಿದುಕೊಂಡರು, ನೋವಾಗುವಷ್ಟು. ಅಡಿಗೆಮನೆಯ ಬಾಗಿಲವರೆಗೂ ನಾವು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಹೋದೆವು. ನನಗೆ ಏದುಸಿರು ಬರುತ್ತಿತ್ತು, ನಡುವೆ ಒಮ್ಮೆ ನಿಲ್ಲಬೇಕಾಯಿತು. ಆ ಮನೆಯೊಳಗೆ ಅವರು ನನ್ನನ್ನು ಹಿಡಿದುಕೊಂಡು ನಡೆದದ್ದು ಅದೇ ಮೊದಲು.